ಬಾಣಗಾರನೆಂಬ ಗುರು

ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವಧೂತನೊಬ್ಬನು ಯದುರಾಜನಿಗೆ ತನ್ನ 24 ಗುರುಗಳ ವೃತ್ತಾಂತವನ್ನು ಹೇಳುತ್ತಾನೆ. ಭೂಮಿ, ಗಾಳಿ, ಆಕಾಶ, ಹೆಬ್ಬಾವು, ಜೇನುನೊಣ, ಪಿಂಗಳೆಯೆಂಬ ವೇಶ್ಯೆ, ಹೀಗೆ ಬೆಳೆಯುವ ಆ ಸಾಲಿನಲ್ಲಿ ಬಾಣ ಮಾಡುವವನೊಬ್ಬನೂ ಇದ್ದಾನೆ. ಅವನು ಬಾಣವನ್ನು ನೆಟ್ಟಗೆ ಮಾಡುತ್ತ ಕುಳಿತಿದ್ದಾಗ ಪಕ್ಕದಲ್ಲೇ ರಾಜನ ಸವಾರಿ ಹಾದು ಹೋಯಿತಂತೆ. ಅವನಿಗೆ ಅದರ ಅರಿವೇ ಆಗಲಿಲ್ಲವಂತೆ. ಮನಸ್ಸನ್ನು ಒಂದೆಡೆ ನಿಲ್ಲಿಸುವುದು ಹೇಗೆಂಬುದನ್ನು ತಾನು ಕಲಿತದ್ದು ಅವನಿಂದಲೇ ಎಂದು ಅವಧೂತ ಕೈ ಮುಗಿಯುತ್ತಾನೆ. ಹರಿಕಥೆ ದಾಸರ ಬಾಯಿಂದ ಈ ಕಥೆಯನ್ನು ನಾವೆಲ್ಲ ಒಂದಲ್ಲ ಒಂದು ಸಲ ಕೇಳಿದ್ದೇವೆ, ತಲೆದೂಗಿದ್ದೇವೆ.

ತಲೆದೂಗುವ ಭರದಲ್ಲಿ ನಾವು ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ. ಆ ಬಾಣ ಯಾರಿಗಾಗಿ? ಅದು ಯಾರ ಎದೆಗೆ ನೆಡಲಿತ್ತು? ಹಾದು ಹೋದ ರಾಜನ ಶತ್ರುವಿಗೋ, ಕಾಡಿನ ಜಿಂಕೆಗೋ, ಅಥವಾ ಗರಡಿಯ ಹುಡುಗರು ಗುರಿ ಕಲಿಯುವ ಬಾಳೆದಿಂಡಿಗೋ? ಭಾಗವತಕಾರರು ಅದನ್ನು ಹೇಳುವುದಿಲ್ಲ. ಅವರಿಗೆ ಬೇಕಾದದ್ದು ಏಕಾಗ್ರತೆಯ ದೃಷ್ಟಾಂತ. ಅದು ದೊರೆತ ಮೇಲೆ ಬಾಣದ ಗೊಡವೆ ಅವರಿಗೇಕೆ? ಆದರೆ ದಿನವೂ ಏನನ್ನಾದರೂ ಮಾಡಿ ಬೇರೆಯವರ ಕೈಗಿಟ್ಟು ಬರುವ ನಮ್ಮಂಥವರು ಆ ಗೊಡವೆಯನ್ನು ಬಿಡುವಂತಿಲ್ಲ. ಕೆಲಸವನ್ನು ತನ್ಮಯತೆಯಿಂದ, ಚೊಕ್ಕಟವಾಗಿ ಮಾಡುವುದೇ ಒಂದು ಧರ್ಮವೇ? ಅಥವಾ ಆ ಕೆಲಸ ಎಲ್ಲಿಗೆ ಹೋಗಿ ಮುಟ್ಟುತ್ತದೆಂಬುದನ್ನೂ ಲೆಕ್ಕಕ್ಕೆ ಹಿಡಿದ ಮೇಲಷ್ಟೇ ಅದಕ್ಕೆ ಧರ್ಮವೆಂಬ ಹೆಸರು ಸಲ್ಲುವುದೇ?

ಈ ಪ್ರಶ್ನೆಯನ್ನು ಬರಿಯ ಮಾತಿನಲ್ಲಿ ತೇಲಿಸದೆ ಒಂದು ಕೈಕೆಲಸಕ್ಕೆ ಕಟ್ಟಿ ನೋಡೋಣ. ನಮ್ಮ ಕಾಲದ ಬಾಣಗಾರರು ಯಾರು? ಪಿಸ್ತೂಲಿನ ಗುರಿ ಸ್ಪರ್ಧೆಗೆ ತಮ್ಮ ತೋಟಾಗಳನ್ನು ತಾವೇ ಕೈಯಿಂದ ತುಂಬಿಕೊಳ್ಳುವವರು. ಯುರೋಪು ಅಮೆರಿಕಗಳಲ್ಲಿ ಇದು ಬಹು ಜನರ ಹವ್ಯಾಸ. ನಮ್ಮಲ್ಲಿ ಹಾಗಲ್ಲ. 1959ರ ಆಯುಧ ಕಾನೂನು ಪರವಾನಗಿಯಿಲ್ಲದೆ ತೋಟಾ ತಯಾರಿಸುವುದನ್ನು ನಿಷೇಧಿಸುತ್ತದೆ. ತೋಟಾದ ಬಿಡಿ ಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರವನ್ನೂ ಅದು ಮದ್ದುಗುಂಡಿನ ಲೆಕ್ಕದಲ್ಲೇ ಹಿಡಿಯುತ್ತದೆ. ಅದು ಸರಿಯಾದ ಎಚ್ಚರವೇ ಎಂದು ನಮ್ಮ ಅಭಿಪ್ರಾಯ. ಆದರೂ ಈ ಕೆಲಸ ನಮ್ಮ ಜನಕ್ಕೆ ತೀರ ಅಪರಿಚಿತವೇನಲ್ಲ. ಮಲೆನಾಡಿನಲ್ಲಿ, ಕೊಡಗಿನಲ್ಲಿ ಕೇಪಿನ ಕೋವಿ ಇದ್ದ ಮನೆಗಳ ಹಿರಿಯರು ನಳಿಗೆಗೆ ಮದ್ದು ಅಳೆದು ಹೊಯ್ದು, ನಾರು ತುರುಕಿ, ಚರೆ ಸುರಿದು, ಗಜದಿಂದ ಜಡಿದು ಈಡು ಸಿದ್ಧ ಮಾಡುತ್ತಿದ್ದರು. ಮದ್ದು ಹೆಚ್ಚಾದರೆ ಕೋವಿಯೇ ಸಿಡಿಯುವುದೆಂಬುದನ್ನು ಅವರಿಗೆ ಯಾವ ಪುಸ್ತಕವೂ ಕಲಿಸಬೇಕಿರಲಿಲ್ಲ.

ಪಿಸ್ತೂಲಿನ ತೋಟಾಕ್ಕೆ ನಾಲ್ಕು ಅಂಗಗಳು: ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕೇಪು, ಒಳಗೆ ಮದ್ದು, ಬಾಯಲ್ಲಿ ಸೀಸದ ಗುಂಡು. ಹಾರಿಸಿದ ಮೇಲೆ ಮದ್ದು ಉರಿದು ಹೋಗುತ್ತದೆ, ಗುಂಡು ಹೊರಟು ಹೋಗುತ್ತದೆ, ಕೇಪು ಸತ್ತಿರುತ್ತದೆ. ಹಿತ್ತಾಳೆ ಮಾತ್ರ ಉಳಿಯುತ್ತದೆ. ಅದನ್ನು ಎಸೆಯದೆ ಹೆಕ್ಕಿ ತಂದು, ತೊಳೆದು, ಬಿರುಕು ಬಿಟ್ಟಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಉಬ್ಬಿದ್ದನ್ನು ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು, ಹಳೆಯ ಕೇಪು ಕಿತ್ತು ಹೊಸದನ್ನು ಕೂರಿಸಿ, ಮದ್ದು ತೂಗಿ ಹಾಕಿ, ಗುಂಡನ್ನು ನೇರವಾಗಿ ನಿಲ್ಲಿಸುವುದೇ ತೋಟಾ ತುಂಬುವ ಕೆಲಸ. 25 ಮೀಟರ್ ದೂರದ ಸೆಂಟರ್‌ಫೈರ್ ಪಿಸ್ತೂಲು ಸ್ಪರ್ಧೆಯಲ್ಲಿ ಬಳಸುವುದು ಹೆಚ್ಚಾಗಿ ಪಾಯಿಂಟ್ 32 ಅಳತೆಯ ತೋಟಾ. ಪಾಯಿಂಟ್ 22ರ ತೋಟಾವನ್ನು ಹೀಗೆ ಮತ್ತೆ ತುಂಬಲಾಗದು. ಅದರ ಸ್ಫೋಟಕ ಪ್ರತ್ಯೇಕ ಕೇಪಿನಲ್ಲಿರದೆ ಅಂಚಿನೊಳಗೇ ಸೇರಿರುತ್ತದೆ.

ಇಲ್ಲಿ ತೂಕದ ಅಳತೆ ಗ್ರೇನು. ಒಂದು ಪೌಂಡಿಗೆ 7000 ಗ್ರೇನು. ಒಂದು ಗ್ರೇನು ಎಂದರೆ ಸುಮಾರು 65 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರ ಗುಲಗಂಜಿ ಇದಕ್ಕಿಂತ ದೊಡ್ಡದು, ಹತ್ತಿರ ಹತ್ತಿರ ಎರಡು ಗ್ರೇನು. ಪಿಸ್ತೂಲಿನ ಮದ್ದನ್ನು ಗ್ರೇನಿನ ಹತ್ತನೆಯ ಭಾಗದವರೆಗೆ ತೂಗುತ್ತಾರೆ. ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಗಾಜಿನ ಪೆಟ್ಟಿಗೆಯ ತಕ್ಕಡಿಯ ಮುಂದೆ ಉಸಿರು ಬಿಗಿಹಿಡಿದು ಕುಳಿತವರಿಗೆ ಈ ಕೆಲಸದ ರುಚಿ ತಟ್ಟನೆ ತಿಳಿದೀತು. ಅಲ್ಲಿ ಮೇಷ್ಟ್ರು ಪದೇ ಪದೇ ಹೇಳುತ್ತಿದ್ದ ಒಂದು ಭೇದವಿತ್ತು: ಅಳತೆಗಳೆಲ್ಲ ಒಂದಕ್ಕೊಂದು ಹತ್ತಿರ ಬರುವುದು ಬೇರೆ, ನಿಜವಾದ ಬೆಲೆಗೆ ಹತ್ತಿರ ಬರುವುದು ಬೇರೆ. ಹತ್ತು ಗುಂಡುಗಳು ಒಂದೇ ತೂತಿನಲ್ಲಿ ಹೋದರೂ ಆ ತೂತು ಗುರಿಯಿಂದ ಒಂದು ಗೇಣು ಆಚೆ ಇರಬಹುದು. ಮೊದಲನೆಯದು ತೋಟಾ ತುಂಬುವವನ ಹೊಣೆ. ಎರಡನೆಯದು ಗುರಿ ಹಿಡಿಯುವವನ ಹೊಣೆ. ನಮ್ಮ ಪ್ರಶ್ನೆಗೆ ಈ ಭೇದ ಮುಂದೆ ಬೇಕಾಗುತ್ತದೆ.

ತುಂಬಿದ ತೋಟಾಗಳನ್ನು ಸಾಲಾಗಿ ನಿಲ್ಲಿಸಿದರೆ ಸರಿಯಾದದ್ದಕ್ಕೂ ಕೆಟ್ಟದ್ದಕ್ಕೂ ಹೊರಗಿನಿಂದ ವ್ಯತ್ಯಾಸ ಕಾಣದು. ಈ ಕೆಲಸದ ನೀತಿಯ ಗಂಟು ಇರುವುದು ಇಲ್ಲಿಯೇ. ಮದ್ದು ಕೊಳವೆಯ ತಳದಲ್ಲಿ ಸ್ವಲ್ಪವೇ ಜಾಗ ಹಿಡಿಯುವುದರಿಂದ ಕೈತಪ್ಪಿ ಎರಡು ಸಲ ಬಿದ್ದರೂ ಹೊರಗೆ ಚೆಲ್ಲುವುದಿಲ್ಲ. ಗುಂಡು ಕೂರಿಸಿ ಮುಚ್ಚಿದರೆ ಆ ತಪ್ಪು ಸೊಗಸಾಗಿ ಮುಚ್ಚಿಹೋಗುತ್ತದೆ. ಮದ್ದೇ ಬೀಳದಿದ್ದರೆ ಇನ್ನೊಂದು ಬಗೆಯ ಕೇಡು. ಕೇಪಿನ ಬಲದಿಂದಷ್ಟೇ ಗುಂಡು ನಳಿಗೆಯ ನಡುವೆ ಬಂದು ಸಿಕ್ಕಿಕೊಳ್ಳುತ್ತದೆ, ಅದರ ಹಿಂದೆಯೇ ಮುಂದಿನ ಗುಂಡು ಹಾರಿಸಿದರೆ ನಳಿಗೆ ಸೀಳುತ್ತದೆ. ಆದ್ದರಿಂದ ಈ ಕೆಲಸ ಬಲ್ಲವರು ಮೇಜಿನ ಮೇಲೆ ಒಂದು ಬಗೆಯ ಮದ್ದಿನ ಡಬ್ಬಿಯನ್ನಲ್ಲದೆ ಎರಡನೆಯದನ್ನು ಇಡುವುದಿಲ್ಲ. ಗುಂಡು ಕೂರಿಸುವ ಮೊದಲು ಪ್ರತಿ ಕೊಳವೆಯೊಳಗೂ ಬೆಳಕು ಬಿಟ್ಟು ನೋಡುತ್ತಾರೆ. ಮಾತನಾಡಿಸಲು ಯಾರಾದರೂ ಬಂದರೆ ಕೆಲಸ ನಿಲ್ಲಿಸುತ್ತಾರೆ, ಎಲ್ಲಿಗೆ ನಿಂತಿತೆಂದು ಖಚಿತವಿಲ್ಲದಿದ್ದರೆ ಮೊದಲಿನಿಂದ ಹಿಡಿಯುತ್ತಾರೆ. ಭಾಗವತದ ಬಾಣಗಾರನಿಗೆ ರಾಜನ ಸವಾರಿ ಕಾಣಿಸದೆ ಹೋದದ್ದು ಇದೇ ಕಾರಣಕ್ಕೆ ಇದ್ದೀತು. ಅದು ಯೋಗವಲ್ಲ, ವೃತ್ತಿಯ ಎಚ್ಚರ!

ಇಂಥ ಎಚ್ಚರಕ್ಕೆ ನಾವು ಗೌರವ ಕೊಡಲೇಬೇಕು. ಏಕೆಂದರೆ ಇಲ್ಲಿ ಮಾಡುವವನೂ ಅನುಭವಿಸುವವನೂ ಒಬ್ಬನೇ. ತನ್ನ ಅಲಕ್ಷ್ಯವು ತನ್ನ ಬೆರಳಿಗೆ, ತನ್ನ ಕಣ್ಣಿಗೆ ಬಂದು ಬಡಿಯುತ್ತದೆ. ಲೋಕದ ಬಹುಪಾಲು ಕೆಲಸಗಳಲ್ಲಿ ಈ ಅನುಕೂಲವಿಲ್ಲ (ಅನುಕೂಲವೆಂದೇ ಹೇಳುತ್ತೇವೆ). ಪಿಂಚಣಿಯ ಕಡತದಲ್ಲಿ ಅಂಕಿಯೊಂದು ಅದಲುಬದಲಾದರೆ ದೂರದ ಊರಿನ ವಿಧವೆಯೊಬ್ಬಳು ಆರು ತಿಂಗಳು ಅಂಚೆಯವನ ದಾರಿ ಕಾಯುತ್ತಾಳೆ. ಅಂಕಿ ಬರೆದ ಗುಮಾಸ್ತನು ಅಂದು ಸಂಜೆ 6-10ರ ಲೋಕಲ್ ಹಿಡಿದು ಮನೆಗೆ ಬಂದು ನೆಮ್ಮದಿಯಿಂದ ಉಂಡಿರುತ್ತಾನೆ. ಅವನು ದುಷ್ಟನಲ್ಲ. ಅವನ ಕೆಲಸವು ಅವನ ಕೈಗೆ ಹಿಂತಿರುಗುವುದಿಲ್ಲ, ಅಷ್ಟೇ.

ಹಂಗೇರಿಯ ಕಾರೊಲಿ ಟಕಾಚ್ ಎಂಬ ಸೈನಿಕನ ಕಥೆ ಶೂಟಿಂಗ್ ಬಲ್ಲವರಿಗೆಲ್ಲ ಗೊತ್ತು. 1938ರಲ್ಲಿ ತರಬೇತಿಯ ವೇಳೆ ದೋಷವಿದ್ದ ಕೈಬಾಂಬೊಂದು ಅವನ ಬಲಗೈಯಲ್ಲೇ ಸಿಡಿದು ಆ ಕೈ ಹೋಯಿತು. ಪಿಸ್ತೂಲು ಹಿಡಿಯುತ್ತಿದ್ದ ಕೈ ಅದು. ಎಡಗೈಯಿಂದ ಕಲಿತು 1948ರ ಲಂಡನ್ ಒಲಿಂಪಿಕ್ಸಿನಲ್ಲಿ, ಮತ್ತೆ 1952ರ ಹೆಲ್ಸಿಂಕಿಯಲ್ಲಿ ಅವನು 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲಿನ ಚಿನ್ನ ಗೆದ್ದ. ಎಲ್ಲರೂ ಈ ಕಥೆಯನ್ನು ಛಲದ ಪಾಠವೆಂದು ಹೇಳುತ್ತಾರೆ. ನಮಗಾದರೋ ಆ ಕೈಬಾಂಬನ್ನು ತುಂಬಿದ ಕೈಗಳದೇ ಯೋಚನೆ. ಯಾವುದೋ ಕಾರ್ಖಾನೆಯ ಯಾವುದೋ ಮೇಜಿನ ಮುಂದೆ ಕುಳಿತಿದ್ದ ಯಾವನೋ ಒಬ್ಬನಿಗೆ ತನ್ನಿಂದ ಏನಾಯಿತೆಂದು ಕೊನೆಯವರೆಗೂ ತಿಳಿದಿರಲಾರದು.

ಹಾಗಾದರೆ ತೋಟಾ ತುಂಬುವವನು ಪೂರ್ಣ ಧರ್ಮಿಷ್ಠನೇ? ಅಷ್ಟು ಸುಲಭವಾಗಿ ಪ್ರಶಸ್ತಿ ಕೊಡಲು ನಮಗೆ ಮನಸ್ಸಿಲ್ಲ. ತಪ್ಪಿದರೆ ಕೇಡು ಅವನಿಗೆ, ನಿಜ. ತಪ್ಪದಿದ್ದರೆ? ನೇರವಾಗಿ ಹೋದ ಗುಂಡು ಎಲ್ಲಿಗೆ ಹೋಯಿತು ಎಂಬುದು ತಕ್ಕಡಿಗೆ ಗೊತ್ತಿಲ್ಲ. ಮೇಲೆ ಹೇಳಿದ ಭೇದವನ್ನು ಇಲ್ಲಿ ನೆನೆಯಬೇಕು. ಎಲ್ಲ ಗುಂಡುಗಳೂ ಒಂದೇ ಕಡೆ ಹೋಗುವಂತೆ ಮಾಡುವುದು ಕೌಶಲ. ಯಾವ ಕಡೆ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದರಲ್ಲಿ ಎಷ್ಟೇ ನಿಷ್ಠೆಯಿದ್ದರೂ ಅದು ಎರಡನೆಯದಕ್ಕೆ ಉತ್ತರವಾಗಲಾರದು.

ನಮ್ಮ ವಿಕ್ರೋಳಿಯಲ್ಲಿ ವಾಸಿಸುವವರಿಗೆ ಈ ಮಾತು ಬರಿಯ ಪುರಾಣವಲ್ಲ. ರೈಲು ಹಳಿಗೂ ಪೂರ್ವ ಹೆದ್ದಾರಿಗೂ ನಡುವೆ, ಆಚೆಗೆ ಖಾರಿಯ ಕಾಂದಳ ಕಾಡಿನವರೆಗೆ ಹರಡಿರುವ ಗೋದ್ರೆಜ್ ಕಾರ್ಖಾನೆಯಲ್ಲಿ ನಮ್ಮ ಎಷ್ಟೋ ಮನೆಗಳ ಹಿರಿಯರು ದುಡಿದು ನಿವೃತ್ತರಾಗಿದ್ದಾರೆ. ಬೀಗ, ತಿಜೋರಿ, ಕಪಾಟು, ಟೈಪ್‌ರೈಟರ್ ಇವನ್ನೆಲ್ಲ ನಾವು ಬಲ್ಲೆವು. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಗೆ 1951ರಲ್ಲಿ ಲಕ್ಷಗಟ್ಟಲೆ ಉಕ್ಕಿನ ಮತಪೆಟ್ಟಿಗೆಗಳು ಹೊರಟದ್ದು ಇಲ್ಲಿಂದಲೇ. ಇಸ್ರೋದ ರಾಕೆಟುಗಳಿಗೆ ಬೇಕಾದ ವಿಕಾಸ್ ಇಂಜಿನು ಇಲ್ಲಿ ತಯಾರಾಗುತ್ತದೆ. 2023ರ ಜುಲೈಯಲ್ಲಿ ಚಂದ್ರಯಾನ-3 ಮೇಲೇರಿದಾಗ ಆ ಇಂಜಿನಿನ ಪಾಲೂ ಅದರಲ್ಲಿತ್ತು. ಅದೇ ಸಂಸ್ಥೆ ಬ್ರಹ್ಮೋಸ್ ಕ್ಷಿಪಣಿಯ ಒಡಲಿನ ಭಾಗಗಳನ್ನೂ ತಯಾರಿಸುತ್ತದೆ. ಮತಪೆಟ್ಟಿಗೆಯ ಬೀಗ ಕೂರಿಸಿದ ಕೈಗೂ ಕ್ಷಿಪಣಿಯ ತಗಡು ಬೆಸೆದ ಕೈಗೂ ಕೌಶಲದಲ್ಲಿ ಭೇದವೇನೂ ಇಲ್ಲ. ಇಬ್ಬರ ಕಣ್ಣೂ ಮೈಕ್ರೋಮೀಟರಿನ ಮೇಲೆಯೇ. ಹಾಗೆಂದು ಎರಡೂ ಕೆಲಸ ಒಂದೇ ಎನ್ನಲಾದೀತೇ? ಅಥವಾ ಒಂದು ಪುಣ್ಯ, ಇನ್ನೊಂದು ಪಾಪ ಎಂದು ಚೀಟಿ ಅಂಟಿಸಲಾದೀತೇ? ದೇಶಕ್ಕೆ ಗಡಿಯಿದೆ, ಗಡಿಗೆ ಕಾವಲು ಬೇಕು, ಕಾವಲುಗಾರ ಬರಿಗೈಯಲ್ಲಿ ನಿಲ್ಲಲಾರ ಎಂಬುದನ್ನು ನಾವು ಒಪ್ಪುತ್ತೇವೆ. ಆದರೆ ಒಪ್ಪುವಾಗ ಎದೆಯಲ್ಲಿ ಸ್ವಲ್ಪ ಭಾರವಾಗಬೇಕು. ಆಗದಿದ್ದರೆ ಏನೋ ಕಳೆದುಹೋಗಿದೆ ಎಂದೇ ತಿಳಿಯಬೇಕು.

ಬುದ್ಧನಿಗೆ ಈ ಭಾರ ಗೊತ್ತಿತ್ತು. ಧಮ್ಮಪದದಲ್ಲಿ ಬಾಣಗಾರನ ಹೋಲಿಕೆ ಒಂದಲ್ಲ, ಹಲವು ಸಲ ಬರುತ್ತದೆ: ಅವನು ಬಾಣವನ್ನು ನೆಟ್ಟಗೆ ಮಾಡುವಂತೆ ತಿಳಿದವನು ತನ್ನನ್ನು ನೆಟ್ಟಗೆ ಮಾಡಿಕೊಳ್ಳುತ್ತಾನೆಂದು. ಅದೇ ಬುದ್ಧ, ಗೃಹಸ್ಥನಾದ ಉಪಾಸಕ ಮಾಡಬಾರದ ಐದು ವ್ಯಾಪಾರಗಳನ್ನು ಎಣಿಸುವಾಗ ಆಯುಧದ ವ್ಯಾಪಾರವನ್ನು ಮೊದಲಿಗೇ ಹೇಳುತ್ತಾನೆ. ಜೀವಿಗಳು, ಮಾಂಸ, ಮದ್ಯ, ವಿಷ ಇವು ಆಮೇಲಿನವು. ಬಾಣಗಾರನಿಂದ ಕಲಿ, ಆದರೆ ಬಾಣ ಮಾರಬೇಡ! ಇದು ವಿರೋಧಾಭಾಸವೆಂದು ಕೆಲವರು ನಗಬಹುದು. ನಮಗೆ ಹಾಗೆ ತೋರುವುದಿಲ್ಲ. ಹೋಲಿಕೆಗೆ ಯೋಗ್ಯವಾದ ಗುಣವು ಜೀವನಕ್ಕೆ ಯೋಗ್ಯವಾದ ವೃತ್ತಿಯೇ ಆಗಿರಬೇಕೆಂದಿಲ್ಲ. ಕಳ್ಳನಿಂದ ಇರುಳು ಎಚ್ಚರವಿರುವುದನ್ನು ಕಲಿಯಬಹುದು, ಕಳವನ್ನಲ್ಲ.

ಇದಕ್ಕಿಂತಲೂ ಹರಿತವಾದ ಮಾತನ್ನು ವಾಲ್ಮೀಕಿ ರಾಮಾಯಣದಲ್ಲಿ ಸೀತೆ ಆಡಿದ್ದಾಳೆ. ಅರಣ್ಯಕಾಂಡದ ಮೊದಲ ಭಾಗದಲ್ಲಿ, ರಾಮನು ರಾಕ್ಷಸರನ್ನು ಕೊಲ್ಲುತ್ತೇನೆಂದು ಋಷಿಗಳಿಗೆ ಮಾತು ಕೊಟ್ಟಮೇಲೆ, ದಂಡಕಾರಣ್ಯಕ್ಕೆ ಕಾಲಿಡುವ ಹೊತ್ತಿನಲ್ಲಿ ಅವಳು ಒಂದು ಹಳೆಯ ಕಥೆ ಹೇಳುತ್ತಾಳೆ. ಕಾಡಿನಲ್ಲಿ ಒಬ್ಬ ಸತ್ಯವಂತ ತಪಸ್ವಿ. ಅವನ ತಪಸ್ಸಿಗೆ ವಿಘ್ನ ಒಡ್ಡಲು ಇಂದ್ರನು ಯೋಧನ ವೇಷದಲ್ಲಿ ಬಂದು ಕತ್ತಿಯೊಂದನ್ನು ಇಟ್ಟುಕೊಂಡಿರೆಂದು ಒಪ್ಪಿಸಿ ಹೋದ. ಇನ್ನೊಬ್ಬರ ಒಡವೆ, ಕಳೆದುಹೋಗಬಾರದು. ತಪಸ್ವಿ ಗೆಡ್ಡೆಗೆಣಸಿಗೆ ಹೋಗುವಾಗಲೂ ಅದನ್ನು ಸೊಂಟಕ್ಕೆ ಕಟ್ಟಿಕೊಂಡೇ ಹೋದ. ದಿನ ಕಳೆದಂತೆ ಅವನ ಬುದ್ಧಿ ಕ್ರೂರವಾಯಿತು, ತಪಸ್ಸು ಕೆಟ್ಟಿತು, ಕೊನೆಗೆ ನರಕಕ್ಕೆ ಹೋದ. ಇಂದ್ರನು ಅವನಿಗೆ ಕೊಲ್ಲೆಂದು ಹೇಳಲಿಲ್ಲ, ಹೊತ್ತುಕೊಂಡಿರು ಎಂದನಷ್ಟೇ. ಕತ್ತಿಯನ್ನು ಜೋಪಾನ ಮಾಡುವ ಸದ್ಗುಣವೇ ಅವನನ್ನು ಕೆಡಿಸಿತು ಎಂಬುದೇ ಇಲ್ಲಿಯ ವಿಷಾದ. ಬಾಣಗಾರನ ಕಥೆಗೆ ಸರಿಸಾಟಿಯಾದ ಉತ್ತರ ಎಲ್ಲಾದರೂ ಇದ್ದರೆ ಅದು ಇದೇ. ಅಲ್ಲಿ ಆಯುಧದ ಸಾಮೀಪ್ಯದಿಂದ ಮನಸ್ಸು ನಿಂತಿತು. ಇಲ್ಲಿ ಅದೇ ಸಾಮೀಪ್ಯದಿಂದ ಮನಸ್ಸು ಕೆಟ್ಟಿತು. ರಾಮನು ಸೀತೆಯ ಮಾತನ್ನು ಮೆಚ್ಚಿದ, ಆದರೆ ಕೊಟ್ಟ ಮಾತು ದೊಡ್ಡದೆಂದು ಮುಂದೆ ನಡೆದ. ಸೀತೆಯ ಅಂಜಿಕೆ ಸುಳ್ಳೆಂದು ಅವನು ಎಲ್ಲಿಯೂ ಹೇಳಲಿಲ್ಲ ಎಂಬುದನ್ನು ನಾವು ಗಮನಿಸಬೇಕು.

ಈ ಅಂಜಿಕೆಗೆ ಕನ್ನಡಿಗರಾದ ನಮಗೆ ಪುರಾಣದ ಸಾಕ್ಷಿಯೇ ಬೇಕಾಗಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಅವರ ಮನೆಯ ಮುಂದೆ ಗುಂಡಿಟ್ಟು ಕೊಂದರು. ಎರಡೂ ಕಡೆ ಬಳಸಿದ್ದು 7.65 ಮಿಲಿಮೀಟರಿನ ನಾಡಪಿಸ್ತೂಲು, ಅದೂ ಒಂದೇ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯ ವರದಿ ಮಾಡಿತು. 7.65 ಮಿಲಿಮೀಟರ್ ಎಂದರೆ ಬಳಕೆಯ ಮಾತಿನಲ್ಲಿ ಪಾಯಿಂಟ್ 32. ತೋಟಾ ಬೇರೆ ಬಗೆಯದು, ಹೆಸರಿನ ಅಳತೆ ಮಾತ್ರ ಕ್ರೀಡೆಯ ಪಿಸ್ತೂಲಿನದೇ. ಕ್ರೀಡೆಗೆ ಬಳಸುವ ಗುಂಡಿನ ಮೂತಿಯನ್ನು ಚಪ್ಪಟೆಯಾಗಿ ಕತ್ತರಿಸಿರುತ್ತಾರೆ. ಕಾಗದದಲ್ಲಿ ದುಂಡನೆಯ ತೂತು ಬಿದ್ದು ಅಂಕ ಎಣಿಸಲು ಸುಲಭವಾಗಲೆಂದು. ಕಾಗದಕ್ಕಾಗಿಯೇ ಹುಟ್ಟಿದ ಗುಂಡು ಅದು. ಮಾಡುವವನ ಉದ್ದೇಶ ಆಕಾರದಲ್ಲಿಯೇ ಮೂಡಿದೆ ಎನ್ನಬಹುದು. ಆದರೆ ಎದೆಗೆ ಆ ಉದ್ದೇಶ ತಿಳಿಯುವುದಿಲ್ಲ.

ಇಷ್ಟು ಹೇಳಿದ ಮೇಲೂ ಗುರಿಯ ಪಿಸ್ತೂಲನ್ನು ಕೊಲೆಗಡುಕನ ಪಿಸ್ತೂಲಿನ ಜೊತೆ ಒಂದೇ ಕಂಬಕ್ಕೆ ಕಟ್ಟುವುದು ನ್ಯಾಯವಲ್ಲ. ವ್ಯತ್ಯಾಸ ಎಲ್ಲಿದೆ? ಲೋಹದಲ್ಲಿಲ್ಲ, ಅದನ್ನು ಸುತ್ತುವರಿದ ಕಟ್ಟಳೆಯಲ್ಲಿದೆ. ಸೆಂಟರ್‌ಫೈರ್ ಸ್ಪರ್ಧೆಯಲ್ಲಿ 60 ಗುಂಡು. ಮೊದಲ 30 ನಿಧಾನದವು, ಐದೈದಾಗಿ, ಪ್ರತಿ ಐದಕ್ಕೆ ಐದು ನಿಮಿಷ. ಆಮೇಲಿನ 30ರಲ್ಲಿ ಗುರಿ ಮೂರು ಸೆಕೆಂಡು ಮುಖ ತೋರಿಸಿ ಏಳು ಸೆಕೆಂಡು ಮುಖ ತಿರುಗಿಸುತ್ತದೆ. ಒಮ್ಮೆ ಮುಖ ತೋರಿಸಿದಾಗ ಒಂದೇ ಗುಂಡು. ಹತ್ತು ಅಂಕದ ವೃತ್ತ ನಿಧಾನದ ಗುರಿಯಲ್ಲಿ 50 ಮಿಲಿಮೀಟರ್ ಅಗಲ. ಟ್ರಿಗರು ಕನಿಷ್ಠ ಒಂದು ಕಿಲೋ ಭಾರ ಎತ್ತಬೇಕೆಂದು ತೂಗಿ ನೋಡುತ್ತಾರೆ. ನಿಲ್ಲಿಸಿ ಎಂಬ ಆಜ್ಞೆ ಬಂದ ಕ್ಷಣ ನಿಲ್ಲಿಸಬೇಕು, ತೋಟಾ ತೆಗೆದು ಪಿಸ್ತೂಲು ಖಾಲಿಯೆಂದು ತೋರಿಸಿ ಮೇಜಿನ ಮೇಲಿಡಬೇಕು. ಬೇರೆಯವರ ಆಜ್ಞೆಗೆ ತನ್ನ ಶಕ್ತಿಯನ್ನು ಕೆಳಗಿಡುವುದನ್ನು ದಿನಕ್ಕೆ ನೂರು ಸಲ ಅಭ್ಯಾಸ ಮಾಡುವ ಆಟ ಇನ್ನೊಂದು ಇದೆಯೇ? ಸೀತೆಯ ತಪಸ್ವಿಗೆ ಸಿಗದೆ ಹೋದದ್ದು ಇದೇ. ಕತ್ತಿ ಎತ್ತಿಡು ಎನ್ನುವವರು ಅವನಿಗೆ ಯಾರೂ ಇರಲಿಲ್ಲ.

ಕೊಡಗಿನವರು ಇದನ್ನು ಹಬ್ಬವಾಗಿಯೇ ಮಾಡಿಕೊಂಡಿದ್ದಾರೆ. ನಾಟಿಯ ಕಾಲದಲ್ಲಿ ಕೋವಿ ಕತ್ತಿಗಳು ದೇವರ ಕೋಣೆ ಸೇರುವುದು ಹಳೆಯ ರೂಢಿ. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಕೈಲ್‌ಪೊಳ್ದಿನಂದು ಅವನ್ನು ಒರೆಸಿ, ತೋಕ್ ಹೂವಿಟ್ಟು ಪೂಜಿಸಿ ಹೊರಗೆ ತರುತ್ತಾರೆ. ಬಳಿಕ ಮೈದಾನದಲ್ಲಿ ತೆಂಗಿನಕಾಯಿಗೆ ಗುರಿ ಹೊಡೆಯುವ ಪಂದ್ಯ. ಬ್ರಿಟಿಷರ ಕಾಲದಿಂದ ಬಂದ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು. ಆ ವಿನಾಯಿತಿ ಇರಬೇಕೋ ಬೇಡವೋ ಎಂಬ ವಾದಕ್ಕೆ ನಾವು ಇಳಿಯುವುದಿಲ್ಲ. ವರ್ಷದಲ್ಲಿ ಇಷ್ಟು ದಿನ ಆಯುಧ ಒಳಗಿರಲಿ ಎಂಬ ಕಟ್ಟಳೆ ಮಾತ್ರ ಬಹು ದೊಡ್ಡ ವಿವೇಕವೆಂದು ನಮಗನ್ನಿಸುತ್ತದೆ. ಪಾಂಡವರು ಬನ್ನಿ ಮರದ ಮೇಲಿಟ್ಟದ್ದೂ ಹಾಗೆಯೇ ಅಲ್ಲವೇ? ಒಂದು ವರ್ಷ ಗಾಂಡೀವವಿಲ್ಲದೆ ಬಾಳಿ ಹೆಣ್ಣುಮಕ್ಕಳಿಗೆ ಕುಣಿತ ಕಲಿಸಿದ ಅರ್ಜುನನೇ ಮತ್ತೆ ಅದನ್ನು ಕೈಗೆತ್ತಿಕೊಂಡದ್ದು.

ನಮ್ಮ ಮುಂಬಯಿಯಲ್ಲಿ ಖಂಡೇನವಮಿಯ ಬೆಳಿಗ್ಗೆ ಲೋಕಲ್ ಡಬ್ಬಿಗಳಿಗೇ ಗೊಂಡೆ ಹೂವಿನ ಮಾಲೆ ಕಟ್ಟಿ ಆರತಿ ಎತ್ತುತ್ತಾರೆ. ಕಚೇರಿಗಳಲ್ಲಿ ಕಂಪ್ಯೂಟರಿಗೆ ಕುಂಕುಮ. ಹೆಸರೇನೋ ಆಯುಧಪೂಜೆ. ಮರುದಿನದಿಂದ ಅದೇ ಯಂತ್ರವನ್ನು ಗುದ್ದುವುದೂ ಬಯ್ಯುವುದೂ ಇದ್ದದ್ದೇ. ಪಿಸ್ತೂಲು ಇಟ್ಟುಕೊಂಡವನಿಗೆ ಈ ಸಲಿಗೆಯಿಲ್ಲ. ಅವನ ಪೂಜೆ ಪ್ರತಿ ಅಭ್ಯಾಸದ ಕೊನೆಗೂ ನಡೆಯಬೇಕು. ಹಳೆಯ ಕಾಲದ ಕೇಪುಗಳಲ್ಲಿ ಪೊಟಾಸಿಯಂ ಕ್ಲೋರೇಟ್ ಇರುತ್ತಿತ್ತು. ಉರಿದ ಮೇಲೆ ಅದು ಪೊಟಾಸಿಯಂ ಕ್ಲೋರೈಡ್ ಆಗಿ ನಳಿಗೆಗೆ ಅಂಟಿ, ಉಪ್ಪಿನ ಗುಣದಂತೆ ಗಾಳಿಯ ತೇವ ಹೀರಿ, ರಾತ್ರಿ ಬೆಳಗಾಗುವುದರಲ್ಲಿ ತುಕ್ಕು ಹಿಡಿಸುತ್ತಿತ್ತು. ಅದಕ್ಕೆ ಎಣ್ಣೆಗಿಂತ ಮೊದಲು ನೀರೇ ಮದ್ದು, ಉಪ್ಪು ಕರಗುವುದು ನೀರಿನಲ್ಲಿ. ಈಗಿನ ಕ್ರೀಡಾ ತೋಟಾಗಳಲ್ಲಿ ಆ ಉಪದ್ರವವಿಲ್ಲದಿದ್ದರೂ ನಮ್ಮ ಕಡಲಗಾಳಿ, ನಮ್ಮ ನಾಲ್ಕು ತಿಂಗಳ ಮಳೆ ಇವೆಯಲ್ಲ, ಅವು ಯಾರ ಉಕ್ಕನ್ನೂ ಬಿಡುವುದಿಲ್ಲ. ಅತಿ ಭಕ್ತಿಯೂ ಕೇಡೇ. ನಳಿಗೆಯ ಬಾಯಿಯ ಕಡೆಯಿಂದ ಗಜ ತೂರಿಸಿ ಗಸಗಸ ಉಜ್ಜಿ ಅಂಚು ಸವೆಯಿಸಿ, ಆಮೇಲೆ ಗುರಿ ತಪ್ಪಿತೆಂದು ತೋಟಾದ ಮೇಲೆ ಸಿಟ್ಟಾಗುವ ಭಕ್ತರಿದ್ದಾರೆ.

ಉಪಕರಣದ ಆರೈಕೆ ಎಷ್ಟು ಇದ್ದರೂ ಅದು ಕೈಕೊಡುವ ಗಳಿಗೆಯೊಂದು ಬರಬಹುದು. 2021ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಅವರ ಏರ್ ಪಿಸ್ತೂಲು ಸ್ಪರ್ಧೆಯ ನಡುವೆಯೇ ಕೆಟ್ಟು, ಅದನ್ನು ಸರಿಪಡಿಸುವುದರಲ್ಲಿ ಅಮೂಲ್ಯ ನಿಮಿಷಗಳು ಹೋದವು; ಎರಡು ಅಂಕಗಳಿಂದ ಫೈನಲ್ ತಪ್ಪಿತು. ಮೂರು ವರ್ಷದ ಮೇಲೆ 2024ರಲ್ಲಿ ಪ್ಯಾರಿಸಿನಲ್ಲಿ ಅದೇ ಹೆಣ್ಣುಮಗಳು ಎರಡು ಕಂಚು ಗೆದ್ದರು. ಅವರ ಗುರು ಜಸ್ಪಾಲ್ ರಾಣಾ ಸ್ವತಃ ಸೆಂಟರ್‌ಫೈರ್ ಪಿಸ್ತೂಲಿನಲ್ಲಿ 1994ರ ಹಿರೋಶಿಮಾ ಏಷ್ಯನ್ ಕ್ರೀಡೆಗಳ ಚಿನ್ನ ಗೆದ್ದವರು, 2006ರ ದೋಹಾದಲ್ಲಿ 590 ಅಂಕ ಪಡೆದು ವಿಶ್ವದಾಖಲೆಗೆ ಸಮನಾದವರು. ಹಿರೋಶಿಮಾದಲ್ಲಿ ಪಿಸ್ತೂಲು ಸ್ಪರ್ಧೆ! ಮನುಷ್ಯಕುಲದ ಅತಿ ದೊಡ್ಡ ಆಯುಧ ಬಿದ್ದ ಊರಿನಲ್ಲಿ ಕಾಗದಕ್ಕೆ ಗುಂಡು ಹೊಡೆದು ಹೂಮಾಲೆ ಹಾಕಿಸಿಕೊಳ್ಳುವುದು ಅಪಹಾಸ್ಯವೋ ಪ್ರಾಯಶ್ಚಿತ್ತವೋ, ನಾವು ನಿರ್ಣಯಿಸಲಾರೆವು. ಎರಡೂ ಇರಬಹುದು.

ಪ್ಯಾರಿಸಿನ ನಂತರ ನಮ್ಮ ಕನ್ನಡ ಬಳಗದಲ್ಲೂ ಈ ಪ್ರಶ್ನೆ ಮನೆಮನೆಗೆ ಬಂದಿದೆ. ಅದೇ ಪ್ಯಾರಿಸಿನಲ್ಲಿ ರೈಫಲಿನ ಕಂಚು ಗೆದ್ದ ಕೊಲ್ಹಾಪುರ ಕಡೆಯ ಸ್ವಪ್ನಿಲ್ ಕುಸಾಳೆ ನಮ್ಮ ಸೆಂಟ್ರಲ್ ರೈಲ್ವೆಯ ಟಿಕೆಟ್ ತಪಾಸಣೆಯ ನೌಕರರೆಂದು ತಿಳಿದ ಮೇಲಂತೂ ಇದು ದೊಡ್ಡವರ ಮಕ್ಕಳ ಆಟವೆಂಬ ಮಾತು ನಿಂತುಹೋಯಿತು. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಏರ್ ಪಿಸ್ತೂಲಿನ ಬೆಳ್ಳಿ ತಂದಾಗ ಇಷ್ಟು ಮಾತು ಕೇಳಿಬಂದಿರಲಿಲ್ಲ. ಈಗ ಹತ್ತನೆಯ ತರಗತಿಯ ಹುಡುಗಿ ಬಂದು, ಅಪ್ಪಾ, ನನ್ನನ್ನು ಶೂಟಿಂಗಿಗೆ ಸೇರಿಸು ಎನ್ನುತ್ತಾಳೆ. ತಾಯಿಗೆ ಆತಂಕ, ಅಜ್ಜಿಗೆ ಗಾಬರಿ. ಹುಡುಗಿಯ ಕೈಗೆ ಪಿಸ್ತೂಲೇ, ರಾಮರಾಮಾ! ಅಜ್ಜಿಯ ಗಾಬರಿಯನ್ನು ನಕ್ಕು ತಳ್ಳಿಹಾಕುವವರ ಪಕ್ಷದಲ್ಲಿ ನಾವಿಲ್ಲ. ಆಕೆ ಆಡುತ್ತಿರುವುದು ಸೀತೆಯ ಮಾತನ್ನೇ.

ಆದರೂ ಸೇರಿಸಬಹುದೆಂದೇ ನಮ್ಮ ಮತ. ಎಲ್ಲಿ ಸೇರಿಸಬೇಕೆಂಬುದನ್ನು ಮಾತ್ರ ಪದಕಗಳ ಕಪಾಟು ನೋಡಿ ಗೊತ್ತು ಮಾಡುವುದಲ್ಲ. ಒಂದು ದಿನ ಸುಮ್ಮನೆ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಬೇಕು. ನಿಲ್ಲಿಸಿ ಎಂದಾಗ ಎಷ್ಟು ಜನ ಆ ಕ್ಷಣವೇ ನಿಲ್ಲಿಸುತ್ತಾರೆ, ಎಷ್ಟು ಜನ ಇನ್ನೊಂದೇ ಒಂದು ಎಂದು ಹೊಡೆಯುತ್ತಾರೆ? ಖಾಲಿ ಪಿಸ್ತೂಲನ್ನೂ ಸ್ನೇಹಿತನ ಕಡೆ ತಿರುಗಿಸಿ ಹಲ್ಲು ಕಿರಿಯುವ ಹುಡುಗನಿಗೆ ಗುರು ಏನು ಹೇಳುತ್ತಾರೆ? ಮಕ್ಕಳು ಅಭ್ಯಾಸ ಮುಗಿಸಿ ಪಿಸ್ತೂಲನ್ನು ತಾವೇ ಒರೆಸುತ್ತಾರೋ, ಆಳಿನ ಕೈಗೆಸೆದು ಹೋಗುತ್ತಾರೋ? ಏರ್ ಪಿಸ್ತೂಲಿಗೆ ಮದ್ದಿಲ್ಲ, ಕೇಪಿಲ್ಲ. ಒತ್ತಿದ ಗಾಳಿ, ನಾಲ್ಕೂವರೆ ಮಿಲಿಮೀಟರಿನ ಅರ್ಧ ಗ್ರಾಂ ಸೀಸ, 10 ಮೀಟರ್ ಆಚೆ 11.5 ಮಿಲಿಮೀಟರ್ ಅಗಲದ ಹತ್ತು ಅಂಕದ ಚುಕ್ಕೆ, ಅಷ್ಟೇ. ಒಂದು ಋತು ಈ ಗಾಳಿಯ ಪಿಸ್ತೂಲು ಕಳೆಯಲಿ. ತೋಟಾ, ಮದ್ದು, ತಕ್ಕಡಿ ಇವುಗಳ ಮಾತು ಬರುವುದಾದರೆ ಎಷ್ಟೋ ವರ್ಷ ಕಳೆದ ಮೇಲೆ, ಪರವಾನಗಿಯ ಕಾಗದ ಕೈಯಲ್ಲಿದ್ದ ಮೇಲೆ ಬರುತ್ತದೆ. ಅಷ್ಟರಲ್ಲಿ ಅಜ್ಜಿಯನ್ನೂ ಒಮ್ಮೆ ಕರೆದುಕೊಂಡು ಹೋಗಿ ಆ ಹಿಂದಿನ ಬೆಂಚಿನಲ್ಲಿ ಕೂರಿಸಿದರೆ ಒಳ್ಳೆಯದು. ಆಕೆಯ ಕಣ್ಣಿಗೆ ನಮಗೆ ಕಾಣದ್ದೇನಾದರೂ ಕಂಡೀತು.